ಹೆಣಿಗೆ ನಮೂನೆ ಪುಸ್ತಕದಲ್ಲಿ ಫೋಟೋಗಿಂತ ಮೊದಲು ಓದಬೇಕಾದ ಸಾಲು

ಹೆಣಿಗೆ ನಮೂನೆಗಳ ಪುಸ್ತಕ ಕೈಗೆ ಸಿಕ್ಕ ಮೊದಲ ದಿನ ಬಹಳಷ್ಟು ಜನ ಫೋಟೋ ನೋಡುತ್ತಾ ಪುಟ ತಿರುವುತ್ತಾರೆ. ಎಲೆ, ಅಲೆ, ಜಡೆ, ಜೇನುಗೂಡು, ಒಂದಕ್ಕಿಂತ ಒಂದು ಚೆಂದ. ನಾನೂ ಹಾಗೇ ಮಾಡಿದ್ದೆ. ಅಲೆಅಲೆಯಾಗಿ ಬರುವ ಒಂದು ನಮೂನೆ ತುಂಬಾ ಇಷ್ಟವಾಯಿತು. ಶಾಲಿಗೆ ಸರಿಹೋಗುತ್ತೆ ಅನ್ನಿಸಿ, ಎಣಿಸಲು ಸುಲಭ ಅಂತ ಕಡ್ಡಿಗೆ 100 ಸ್ಟಿಚ್, ಅಂದರೆ ನೂಲಿನ ಕುಣಿಕೆ, ಹಾಕಿದೆ. ಮೊದಲ ಎರಡು ಸಾಲು ಸಲೀಸಾಗಿ ಮುಗಿಯಿತು. ಮೂರನೇ ಸಾಲಿನಲ್ಲಿ ನಮೂನೆ ಐದು ಸಲ ಬಂತು, ಆಮೇಲೆ 10 ಸ್ಟಿಚ್ ಹಾಗೇ ಉಳಿಯಿತು. ಎಲ್ಲೋ ತಪ್ಪಿದೆ ಅಂತ ಬಿಚ್ಚಿ ಮತ್ತೆ ಹೆಣೆದೆ. ಮತ್ತೆ 10 ಉಳಿಯಿತು.

ನನ್ನ ಹೆಣಿಗೆಯಲ್ಲಿ ತಪ್ಪೇನೂ ಇರಲಿಲ್ಲ. ಫೋಟೋದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಲ್ಟಿಪಲ್ ಆಫ್ 18’ ಅಂತ ಬರೆದಿತ್ತು. ನಾನು ಅದನ್ನು ಓದಿರಲೇ ಇಲ್ಲ. ಈಗ ಯಾವ ನಮೂನೆ ಪುಸ್ತಕ ತೆರೆದರೂ ಮೊದಲು ಆ ಸಾಲು ಓದುತ್ತೇನೆ, ಫೋಟೋ ಆಮೇಲೆ. ಆ ಒಂದು ಸಾಲು ಅರ್ಥವಾದರೆ ಪುಸ್ತಕದ ಅರ್ಧಭಾಗ ಅರ್ಥವಾದ ಹಾಗೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಸ್ವೆಟರ್ ಪ್ಯಾಟರ್ನ್ ಬೇರೆ, ನಮೂನೆ ಪುಸ್ತಕ ಬೇರೆ. ಸ್ವೆಟರ್ ಪ್ಯಾಟರ್ನ್‌ನಲ್ಲಿ ಎಷ್ಟು ಸ್ಟಿಚ್ ಹಾಕಬೇಕು, ಕುತ್ತಿಗೆ ಎಲ್ಲಿ ಬರುತ್ತೆ, ತೋಳಿಗೆ ಎಲ್ಲಿ ಕಡಿಮೆ ಮಾಡಬೇಕು, ನೂಲು ಎಷ್ಟು ಬೇಕು ಎಲ್ಲವೂ ಇರುತ್ತೆ. ನಮೂನೆ ಪುಸ್ತಕದಲ್ಲಿ ಇದ್ಯಾವುದೂ ಇರುವುದಿಲ್ಲ. ಬಟ್ಟೆಯ ಮೈ ಹೇಗೆ ಬರುತ್ತೆ ಅನ್ನುವುದನ್ನು ಮಾತ್ರ ಅದು ಹೇಳಿಕೊಡುತ್ತೆ. ನಿಘಂಟಿನಲ್ಲಿ ಪದ ಸಿಗುತ್ತೆ, ವಾಕ್ಯ ನಾವೇ ಕಟ್ಟಬೇಕು ಅಲ್ವಾ, ಇದೂ ಹಾಗೇ. ಅದೇ ಅಲೆಯನ್ನು ಒಬ್ಬರು ಶಾಲಿಗೆ ಹಾಕುತ್ತಾರೆ, ಇನ್ನೊಬ್ಬರು ಮಗುವಿನ ಹೊದಿಕೆಗೆ, ಮತ್ತೊಬ್ಬರು ಕಾಲುಚೀಲಕ್ಕೆ.

ಒಂದು ನಮೂನೆಯ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ಸಂಗತಿ ಇರುತ್ತವೆ. ಹೆಸರು, ಫೋಟೋ, ಸಂಖ್ಯೆಯ ಸಾಲು, ಮತ್ತೆ ಹೆಣೆಯುವ ಸೂಚನೆ. ಸೂಚನೆ ಮಾತಿನಲ್ಲಿರಬಹುದು, ಚಾರ್ಟ್ (ಚೌಕಗಳ ಚಿತ್ರ) ಆಗಿರಬಹುದು, ಎರಡೂ ಇರಬಹುದು. ಹೆಸರನ್ನು ಜಾಸ್ತಿ ನಂಬಬೇಡಿ. ಒಂದೇ ನಮೂನೆಗೆ ಪುಸ್ತಕದಿಂದ ಪುಸ್ತಕಕ್ಕೆ ಹೆಸರು ಬದಲಾಗುತ್ತೆ. ನಾನು ಹೇಳಿದ ಅಲೆಯ ನಮೂನೆಯನ್ನೇ ನೋಡಿ. ಅದು ಸ್ಕಾಟ್‌ಲ್ಯಾಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ‘ಓಲ್ಡ್ ಶೇಲ್’ ಅಂತ ಕರೆಯುವ ನಮೂನೆ. ಎಷ್ಟೋ ಪುಸ್ತಕಗಳು ಅದಕ್ಕೇ ‘ಫೆದರ್ ಅಂಡ್ ಫ್ಯಾನ್’ ಅನ್ನುವ ಹೆಸರು ಹಾಕಿವೆ. ಹೆಸರು ಬಿಟ್ಟು ಸೂಚನೆ ಹೋಲಿಸಿದರೆ ಗೊಂದಲ ಇರುವುದಿಲ್ಲ.

ಮಗ್ಗಿಯ ಸಾಲು

‘ಮಲ್ಟಿಪಲ್ ಆಫ್ 18’ ಅಂದರೆ ಕಡ್ಡಿಯ ಮೇಲಿನ ಸ್ಟಿಚ್‌ಗಳ ಸಂಖ್ಯೆ 18ರ ಮಗ್ಗಿಯಲ್ಲಿ ಬರಬೇಕು. 36 ಆಗುತ್ತೆ, 54 ಆಗುತ್ತೆ, 90 ಆಗುತ್ತೆ. 100 ಆಗುವುದಿಲ್ಲ. ಒಂದು ಅಲೆ ಮುಗಿಯಲು 18 ಸ್ಟಿಚ್ ಬೇಕು, ಆಮೇಲೆ ಮುಂದಿನ ಅಲೆ ಶುರು. ಹೀಗೆ ಮತ್ತೆ ಮತ್ತೆ ಬರುವ ಭಾಗಕ್ಕೆ ರಿಪೀಟ್ ಅನ್ನುತ್ತಾರೆ.

ಇನ್ನು ಕೆಲವು ಕಡೆ ‘ಮಲ್ಟಿಪಲ್ ಆಫ್ 4 ಪ್ಲಸ್ 2’ ಅಂತ ಇರುತ್ತೆ. ಇಲ್ಲಿ 4ರ ಮಗ್ಗಿಯಲ್ಲಿ ಯಾವುದಾದರೂ ಸಂಖ್ಯೆ ತೆಗೆದುಕೊಂಡು, ಕೊನೆಯಲ್ಲಿ ಒಂದೇ ಒಂದು ಸಲ 2 ಸೇರಿಸಬೇಕು. 40 ತೆಗೆದುಕೊಂಡರೆ 42. ಪ್ರತಿ ರಿಪೀಟ್‌ಗೂ 2 ಸೇರಿಸುವುದಲ್ಲ. ಹೊಸಬರು ಇಲ್ಲೇ ಎಡವುತ್ತಾರೆ.

ಈ ಹೆಚ್ಚಿನ 2 ಯಾಕೆ? ಸ್ವೆಟರ್‌ನ ಕೆಳಗಿನ ಪಟ್ಟಿಗೆ ಹಾಕುವ ರಿಬ್ ನೆನಪು ಮಾಡಿಕೊಳ್ಳಿ. ಎರಡು ನಿಟ್, ಎರಡು ಪರ್ಲ್, ಮತ್ತೆ ಎರಡು ನಿಟ್, ಎರಡು ಪರ್ಲ್. ನಿಟ್ ಅಂದರೆ ಮುಂಬದಿಯಲ್ಲಿ ನುಣುಪಾಗಿ ಕಾಣುವ ಸ್ಟಿಚ್, ಪರ್ಲ್ ಅಂದರೆ ಉಬ್ಬಾಗಿ ಕಾಣುವ ಸ್ಟಿಚ್. ರಿಪೀಟ್ 4 ಸ್ಟಿಚ್‌ನದು. 40 ಸ್ಟಿಚ್‌ನಲ್ಲಿ ಹೆಣೆದರೆ ಬಲಗಡೆ ಎರಡು ನಿಟ್‌ನಿಂದ ಶುರುವಾಗಿ ಎಡಗಡೆ ಎರಡು ಪರ್ಲ್‌ನಲ್ಲಿ ಮುಗಿಯುತ್ತೆ. ಎರಡು ಅಂಚು ಒಂದೇ ತರಹ ಇರುವುದಿಲ್ಲ. ಕೊನೆಗೆ ಇನ್ನೆರಡು ನಿಟ್ ಸೇರಿಸಿದರೆ ಎರಡೂ ಅಂಚು ಸಮ ಆಗುತ್ತವೆ. ಆ ‘ಪ್ಲಸ್ 2’ ಇರುವುದು ಇದಕ್ಕೆ.

ಹಾಗಾದರೆ ಅಲೆಯ ನಮೂನೆಗೆ ಪ್ಲಸ್ ಯಾಕಿಲ್ಲ? ಇದನ್ನು ಹತ್ತಿರದಿಂದ ನೋಡಬೇಕು. ಅದರಲ್ಲಿ ಇರುವುದು ನಾಲ್ಕೇ ಸಾಲು. ಒಂದನೇ ಸಾಲು ಪೂರ್ತಿ ನಿಟ್. ಎರಡನೆಯದು ಪೂರ್ತಿ ಪರ್ಲ್. ನಾಲ್ಕನೆಯದು ಪೂರ್ತಿ ನಿಟ್. ಅದನ್ನು ಹಿಂಬದಿಯಿಂದ ಹೆಣೆಯುವುದರಿಂದ ಮುಂಬದಿಯಲ್ಲಿ ಒಂದು ಉಬ್ಬು ಗೆರೆ ಬರುತ್ತೆ. ಕೆಲಸವೆಲ್ಲ ಮೂರನೇ ಸಾಲಿನಲ್ಲಿ ನಡೆಯುತ್ತೆ. ಮೊದಲು ಎರಡೆರಡು ಸ್ಟಿಚ್ ಸೇರಿಸಿ ಒಂದಾಗಿ ಹೆಣೆಯಬೇಕು, ಹೀಗೆ ಮೂರು ಸಲ. ಆಮೇಲೆ ಕಡ್ಡಿಗೆ ನೂಲು ಸುತ್ತಿ ಒಂದು ನಿಟ್, ಹೀಗೆ ಆರು ಸಲ. ಕೊನೆಗೆ ಮತ್ತೆ ಮೂರು ಸಲ ಎರಡೆರಡು ಸೇರಿಸಿ ಒಂದು.

ಲೆಕ್ಕ ಮಾಡಿ. ಮೊದಲ ಮೂರು ಜೋಡಿಗೆ 6 ಸ್ಟಿಚ್ ಖರ್ಚಾಗಿ 3 ಉಳಿಯುತ್ತೆ. ನಡುವಿನ ಆರು ನಿಟ್‌ಗೆ 6 ಖರ್ಚು, ಆದರೆ ಆರು ಸಲ ನೂಲು ಸುತ್ತಿದ್ದರಿಂದ 12 ಆಗುತ್ತೆ. ಕೊನೆಯ ಮೂರು ಜೋಡಿಯಲ್ಲಿ 6 ಹೋಗಿ 3. ಒಟ್ಟು ಖರ್ಚು 18, ಬಂದದ್ದು 3, 12, 3 ಸೇರಿ 18. ಒಂದೂ ಜಾಸ್ತಿಯಿಲ್ಲ, ಒಂದೂ ಕಡಿಮೆಯಿಲ್ಲ. ನೂಲು ಸುತ್ತಿದ ಜಾಗದಲ್ಲಿ ತೂತು ಬಿದ್ದು ಬಟ್ಟೆ ಹರಡಿಕೊಳ್ಳುತ್ತೆ, ಜೋಡಿ ಮಾಡಿದ ಜಾಗದಲ್ಲಿ ಬಿಗಿಯಾಗುತ್ತೆ. ಈ ಎಳೆದಾಟದಿಂದಲೇ ಅಲೆ ಹುಟ್ಟುವುದು.

ಈಗ ಎರಡು ರಿಪೀಟ್ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರ ಕೊನೆಯ ಮೂರು ಜೋಡಿ ಮತ್ತು ಎರಡನೆಯದರ ಆರಂಭದ ಮೂರು ಜೋಡಿ ಸೇರಿ ಆರು ಜೋಡಿಯ ಒಂದು ಗುಂಪು ಆಗುತ್ತೆ. ಅಂದರೆ ಈ ರಿಪೀಟ್ ಒಂದು ಗುಂಪಿನ ನಟ್ಟನಡುವೆ ಶುರುವಾಗಿ, ಇನ್ನೊಂದು ಗುಂಪಿನ ನಟ್ಟನಡುವೆ ಮುಗಿಯುತ್ತೆ. ಎರಡೂ ಅಂಚಿಗೆ ಅರ್ಧರ್ಧ ಗುಂಪು ಬರುವುದರಿಂದ ಅವು ತಾವಾಗಿಯೇ ಸಮ. ಪ್ಲಸ್ ಬೇಕಾಗಿಲ್ಲ. ರಿಬ್ ಅನ್ನೂ ‘ಒಂದು ನಿಟ್, ಎರಡು ಪರ್ಲ್, ಒಂದು ನಿಟ್’ ಅಂತ ಬರೆದರೆ 4ರ ಮಗ್ಗಿ ಸಾಕು, ಪ್ಲಸ್ ಹೋಗುತ್ತೆ. ರಿಪೀಟ್ ಎಲ್ಲಿಂದ ಶುರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇದು ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಕೈಯಲ್ಲಿದ್ದ ಪುಸ್ತಕದ ಎಲ್ಲ ನಮೂನೆಗೂ ಈ ಲೆಕ್ಕ ಹಾಕಿ ನೋಡಿದ್ದೆ.

ಈ ಖರ್ಚು-ಉಳಿಕೆ ಲೆಕ್ಕ ಇನ್ನೊಂದಕ್ಕೂ ಬೇಕು. ಮುದ್ರಣದ ತಪ್ಪು ಹಿಡಿಯಲು. ಸೂಚನೆಯಲ್ಲಿ ಒಂದು ಸಾಲಿನ ಖರ್ಚು ಹಿಂದಿನ ಸಾಲಿನ ಉಳಿಕೆಗೆ ಹೊಂದದಿದ್ದರೆ ಅಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಕಡ್ಡಿ ಹಿಡಿಯುವ ಮೊದಲೇ ಗೊತ್ತಾಗುತ್ತೆ.

ನಿಮ್ಮ ಅಗಲಕ್ಕೆ ಹೊಂದಿಸುವುದು

ಪುಸ್ತಕ ಮಗ್ಗಿ ಹೇಳುತ್ತೆ, ಸೆಂಟಿಮೀಟರ್ ಹೇಳುವುದಿಲ್ಲ. ಅದು ನಿಮ್ಮ ನೂಲು, ನಿಮ್ಮ ಕಡ್ಡಿ, ನಿಮ್ಮ ಕೈಯ ಬಿಗಿ ಮೇಲೆ ಹೋಗುತ್ತೆ. ಹಾಗಾಗಿ ಒಂದು ಮಾದರಿ ತುಂಡು ಹೆಣೆಯಲೇಬೇಕು. ಅದೂ ನೀವು ಆರಿಸಿದ ನಮೂನೆಯಲ್ಲೇ. ಸಾದಾ ಹೆಣಿಗೆಯಲ್ಲಿ ಅಳತೆ ತೆಗೆದು ಜಡೆ ನಮೂನೆ ಹೆಣೆದರೆ ಸ್ವೆಟರ್ ಖಂಡಿತ ಚಿಕ್ಕದಾಗುತ್ತೆ. ಜಡೆಯಲ್ಲಿ ಸ್ಟಿಚ್‌ಗಳು ಒಂದರ ಮೇಲೊಂದು ಹಾಯುವುದರಿಂದ ಬಟ್ಟೆ ಒಳಕ್ಕೆ ಸೆಳೆದುಕೊಳ್ಳುತ್ತೆ. ತೂತಿನ ಲೇಸ್ ನಮೂನೆ ಇದಕ್ಕೆ ಉಲ್ಟಾ. ಕಡ್ಡಿಯ ಮೇಲೆ ಮುದುರಿಕೊಂಡ ಹಾಗೆ ಕಾಣುತ್ತೆ, ಒದ್ದೆ ಮಾಡಿ ಎಳೆದು ಪಿನ್ ಹಾಕಿ ಒಣಗಿಸಿದ ಮೇಲೆ ಹರಡಿಕೊಳ್ಳುತ್ತೆ.

ಮಾದರಿ ತುಂಡಿಗೆ ಕನಿಷ್ಠ ಎರಡು ರಿಪೀಟ್ ಅಗಲ ಇರಲಿ. ಅಲೆಗೆ 36 ಸ್ಟಿಚ್, ಎರಡೂ ಅಂಚಿಗೆ ಮೂರು ಮೂರು ಸೇರಿಸಿ 42. ಆ ಅಂಚಿನ ಮೂರನ್ನು ಎಲ್ಲ ಸಾಲಿನಲ್ಲೂ ನಿಟ್ ಮಾಡಿದರೆ ತುಂಡು ಸುರುಳಿ ಸುತ್ತಿಕೊಳ್ಳುವುದು ಕಡಿಮೆಯಾಗುತ್ತೆ. ಮುಗಿದ ಬಟ್ಟೆಯನ್ನು ಹೇಗೆ ಒಗೆಯುತ್ತೀರೋ ಹಾಗೇ ಇದನ್ನೂ ಒಗೆದು, ಒಣಗಿಸಿ, ನಡುಭಾಗದಲ್ಲಿ ಅಳೆಯಿರಿ. ಒಗೆಯದೆ ತೆಗೆದ ಅಳತೆಯನ್ನು ನಾನು ನಂಬುವುದಿಲ್ಲ.

ಈಗ ಒಂದು ಲೆಕ್ಕ. 10 ಸೆಂಟಿಮೀಟರ್‌ಗೆ 20 ಸ್ಟಿಚ್ ಬಂತು ಅಂತ ಇಟ್ಟುಕೊಳ್ಳಿ. ನಿಮಗೆ 30 ಸೆಂಟಿಮೀಟರ್ ಅಗಲದ ಸ್ಕಾರ್ಫ್ ಬೇಕು. ಅಂದರೆ 60 ಸ್ಟಿಚ್. ಆದರೆ 18ರ ಮಗ್ಗಿಯಲ್ಲಿ 60 ಇಲ್ಲ. ಕೆಳಗೆ 54 ಇದೆ, ಅದು 27 ಸೆಂಟಿಮೀಟರ್. ಮೇಲೆ 72 ಇದೆ, ಅದು 36. ಅಗಲ ಸ್ವಲ್ಪ ಹೆಚ್ಚುಕಡಿಮೆ ಆದರೂ ಪರವಾಗಿಲ್ಲ ಅನ್ನಿಸಿದರೆ ಹತ್ತಿರದ್ದನ್ನು ಆರಿಸಿ. ಇಲ್ಲವಾದರೆ 54 ಇಟ್ಟುಕೊಂಡು ಉಳಿದ 6ನ್ನು ಮೂರು ಮೂರಾಗಿ ಎರಡೂ ಅಂಚಿಗೆ ಹಂಚಿ, ಹೆಚ್ಚುಕಡಿಮೆ 30 ಸೆಂಟಿಮೀಟರ್ ಆಗುತ್ತೆ. ಕಡ್ಡಿಯ ಸೈಜ್ ಒಂದು ಹಂತ ಬದಲಾಯಿಸುವುದೂ ಒಂದು ದಾರಿ, ಆದರೆ ಆಗ ಬಟ್ಟೆಯ ಗುಣವೇ ಬದಲಾಗುತ್ತೆ. ನನಗೆ ಅಂಚಿಗೆ ಹಂಚುವುದೇ ಇಷ್ಟ. ಅಂಚೂ ಗಟ್ಟಿಯಾಗಿ ನಿಲ್ಲುತ್ತೆ.

ನಕ್ಷತ್ರ, ಆವರಣ, ಸಂಕ್ಷೇಪ

ಮಾತಿನ ಸೂಚನೆಯಲ್ಲಿ ಒಂದು ಸಣ್ಣ ನಕ್ಷತ್ರದ ಗುರುತು ಇರುತ್ತೆ. ಅಲ್ಲಿಂದ ರಿಪೀಟ್ ಶುರು. ನಕ್ಷತ್ರಕ್ಕೆ ಮೊದಲು ಇರುವುದನ್ನು ಸಾಲಿನ ಆರಂಭದಲ್ಲಿ ಒಂದೇ ಸಲ ಹೆಣೆಯಬೇಕು. ‘ಕೊನೆಯ 2 ಸ್ಟಿಚ್ ಉಳಿಯುವ ತನಕ ನಕ್ಷತ್ರದಿಂದ ಮತ್ತೆ’ ಅಂತ ಇದ್ದರೆ, ಆ ಉಳಿದ 2ಕ್ಕೆ ಬೇರೆ ಸೂಚನೆ ಮುಂದೆ ಬರುತ್ತೆ. ಮೇಲೆ ಹೇಳಿದ ‘ಪ್ಲಸ್ 2’ ಇದೇ. ಆವರಣದೊಳಗೆ ಇರುವುದು ಅಷ್ಟರ ಮಟ್ಟಿಗೆ ಮಾತ್ರ, ಪಕ್ಕದಲ್ಲಿ ಹೇಳಿದಷ್ಟು ಸಲ ಹೆಣೆಯುವುದು. ಎರಡು ರಿಪೀಟ್ ನಡುವೆ ಕಡ್ಡಿಗೆ ಒಂದೊಂದು ಮಾರ್ಕರ್ (ಗುರುತಿನ ಸಣ್ಣ ಉಂಗುರ) ಹಾಕಿಕೊಳ್ಳಿ. ತಪ್ಪಾದರೆ 18 ಸ್ಟಿಚ್ ಒಳಗೇ ಸಿಕ್ಕಿಬೀಳುತ್ತೆ, ಸಾಲಿನ ಕೊನೆಯ ತನಕ ಕಾಯಬೇಕಾಗಿಲ್ಲ.

ಸಂಕ್ಷೇಪಗಳ ವಿಷಯದಲ್ಲಿ ಎಚ್ಚರ ಬೇಕು. ‘ಕೆ2ಟಾಗ್’ ಅಂದರೆ ಎರಡು ಸ್ಟಿಚ್ ಸೇರಿಸಿ ನಿಟ್ ಮಾಡುವುದು, ಅದು ಬಲಕ್ಕೆ ವಾಲುತ್ತೆ. ‘ಎಸ್‌ಎಸ್‌ಕೆ’ ಅಂದರೆ ಎರಡು ಸ್ಟಿಚ್‌ಗಳನ್ನು ಹೆಣೆಯದೆ ಒಂದೊಂದಾಗಿ ಇನ್ನೊಂದು ಕಡ್ಡಿಗೆ ಜಾರಿಸಿಕೊಂಡು, ಆಮೇಲೆ ಎರಡನ್ನೂ ಸೇರಿಸಿ ಹೆಣೆಯುವುದು, ಅದು ಎಡಕ್ಕೆ ವಾಲುತ್ತೆ. ಎರಡರಲ್ಲೂ ಒಂದು ಸ್ಟಿಚ್ ಕಡಿಮೆಯಾಗುತ್ತೆ, ಹಾಗಾಗಿ ಒಂದರ ಬದಲು ಇನ್ನೊಂದು ಹಾಕಿದರೆ ಲೆಕ್ಕ ತಪ್ಪುವುದಿಲ್ಲ. ಎಲೆ ನಮೂನೆಯಾದರೆ ಎಲೆಯ ಆಕಾರ ಮಾತ್ರ ಕೆಡುತ್ತೆ. ಜಡೆಯಲ್ಲೂ ಹೀಗೇ. ಹೆಚ್ಚುವರಿ ಕಡ್ಡಿಗೆ ತೆಗೆದ ಸ್ಟಿಚ್‌ಗಳನ್ನು ಮುಂದೆ ಹಿಡಿದರೆ ಜಡೆ ಎಡಕ್ಕೆ ಹೋಗುತ್ತೆ, ಹಿಂದೆ ಹಿಡಿದರೆ ಬಲಕ್ಕೆ.

ಅಮೆರಿಕದ ಪುಸ್ತಕಕ್ಕೂ ಬ್ರಿಟನ್ನಿನ ಪುಸ್ತಕಕ್ಕೂ ಪದಗಳು ಬೇರೆ. ಇಷ್ಟು ಸೆಂಟಿಮೀಟರ್‌ಗೆ ಇಷ್ಟು ಸ್ಟಿಚ್ ಅನ್ನುವ ಅಳತೆಗೆ ಅಮೆರಿಕದವರು ‘ಗೇಜ್’ ಅನ್ನುತ್ತಾರೆ, ಅದನ್ನೇ ಬ್ರಿಟನ್ನಿನವರು ‘ಟೆನ್ಷನ್’ ಅನ್ನುತ್ತಾರೆ. ಕಡ್ಡಿಗೆ ನೂಲು ಸುತ್ತುವುದಕ್ಕೆ ಅಮೆರಿಕದಲ್ಲಿ ‘ಯಾರ್ನ್ ಓವರ್’ ಅಂತ ಒಂದೇ ಮಾತು. ಬ್ರಿಟನ್ನಿನ ಪುಸ್ತಕಗಳಲ್ಲಿ ಅಕ್ಕಪಕ್ಕದ ಸ್ಟಿಚ್ ನಿಟ್ ಆಗಿದೆಯೋ ಪರ್ಲ್ ಆಗಿದೆಯೋ ಅನ್ನುವುದರ ಮೇಲೆ ಬೇರೆ ಬೇರೆ ಹೆಸರು. ಜಡೆಯ ಸಂಕ್ಷೇಪಗಳಂತೂ ಒಬ್ಬೊಬ್ಬ ಲೇಖಕರಿಗೆ ಒಂದೊಂದು. ಅದಕ್ಕೇ ಪುಸ್ತಕದ ಆರಂಭದಲ್ಲೋ ಕೊನೆಯಲ್ಲೋ ಇರುವ ಸಂಕ್ಷೇಪಗಳ ಪಟ್ಟಿಯನ್ನು ಒಂದು ಸಲ ಪೂರ್ತಿ ಓದಿ. ಹಳೆಯ ಅಭ್ಯಾಸದಿಂದ ಊಹೆ ಮಾಡಬೇಡಿ.

ಚಾರ್ಟ್ ಓದುವುದು

ಹಳೆಯ ಪುಸ್ತಕಗಳಲ್ಲಿ ಮಾತಿನ ಸೂಚನೆಯೇ ಜಾಸ್ತಿ. ಅಮೆರಿಕದ ಬಾರ್ಬರಾ ವಾಕರ್ 1968 ಮತ್ತು 1970ರಲ್ಲಿ ಹೊರತಂದ ಎರಡು ದೊಡ್ಡ ಸಂಗ್ರಹಗಳಲ್ಲಿ ಸೂಚನೆಗಳು ಹೆಚ್ಚಾಗಿ ಮಾತಿನಲ್ಲೇ ಇದ್ದವು. 1972ರ ಮೂರನೇ ಸಂಗ್ರಹವನ್ನು ಅವರು ಚಾರ್ಟ್‌ಗಳಲ್ಲಿ ಕೊಟ್ಟರು. ಚಾರ್ಟ್ ನೋಡಿ ಹೆದರುವವರನ್ನು ತುಂಬಾ ಜನರನ್ನು ಕಂಡಿದ್ದೇನೆ. ಹೆದರುವಂಥದ್ದೇನೂ ಅದರಲ್ಲಿಲ್ಲ. ಅದು ಬಟ್ಟೆಯ ಚಿತ್ರ. ಬಟ್ಟೆಯನ್ನು ಮುಂಬದಿಯಿಂದ ನೋಡಿದರೆ ಹೇಗೆ ಕಾಣುತ್ತೋ ಹಾಗೇ ಬರೆದಿರುತ್ತಾರೆ.

ಒಂದು ಚೌಕ ಅಂದರೆ ಒಂದು ಸ್ಟಿಚ್, ಒಂದು ಅಡ್ಡಸಾಲು ಅಂದರೆ ಒಂದು ಸಾಲು. ಬಟ್ಟೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತೆ, ಹಾಗಾಗಿ ಚಾರ್ಟನ್ನೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಮುಂಬದಿಯ ಸಾಲನ್ನು ಬಲದಿಂದ ಎಡಕ್ಕೆ ಓದಬೇಕು, ಯಾಕೆಂದರೆ ನಾವು ಹೆಣೆಯುವುದೂ ಹಾಗೇ. ಬಟ್ಟೆ ತಿರುಗಿಸಿ ಹಿಂಬದಿಯ ಸಾಲು ಹೆಣೆಯುವಾಗ ಎಡದಿಂದ ಬಲಕ್ಕೆ.

ಇಲ್ಲಿ ಒಂದು ಅಂಶ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಬೇಕು. ಚಾರ್ಟ್ ತೋರಿಸುವುದು ಮುಂಬದಿಯನ್ನು ಮಾತ್ರ. ಒಂದು ಸ್ಟಿಚ್ ಮುಂಬದಿಯಲ್ಲಿ ನಿಟ್ ಆಗಿ ಕಾಣಬೇಕಾದರೆ, ಹಿಂಬದಿಯಿಂದ ಹೆಣೆಯುವಾಗ ಅದನ್ನು ಪರ್ಲ್ ಮಾಡಬೇಕು. ಹಾಗಾಗಿ ಒಂದೇ ಗುರುತಿಗೆ ಮುಂಬದಿ ಸಾಲಿನಲ್ಲಿ ನಿಟ್ ಅಂತಲೂ ಹಿಂಬದಿ ಸಾಲಿನಲ್ಲಿ ಪರ್ಲ್ ಅಂತಲೂ ಅರ್ಥ. ಅಲೆಯ ನಮೂನೆಯ ನಾಲ್ಕನೇ ಸಾಲು ಮಾತಿನಲ್ಲಿ ‘ಪೂರ್ತಿ ನಿಟ್’, ಆದರೆ ಚಾರ್ಟ್‌ನಲ್ಲಿ ಪೂರ್ತಿ ಪರ್ಲ್ ಗುರುತು ಇರುತ್ತೆ. ಎರಡೂ ಸರಿಯೇ.

ಸಾಲಿನ ಸಂಖ್ಯೆ ಯಾವ ಕಡೆ ಬರೆದಿದ್ದಾರೆ ನೋಡಿ. ಬಲಗಡೆ ಇದ್ದರೆ ಅದು ಸಾಮಾನ್ಯವಾಗಿ ಮುಂಬದಿ ಸಾಲು, ಎಡಗಡೆ ಇದ್ದರೆ ಹಿಂಬದಿ. 1 ಅನ್ನುವ ಅಂಕಿಯೇ ಎಡಗಡೆ ಇದ್ದರೆ ಆ ನಮೂನೆ ಹಿಂಬದಿಯಿಂದ ಶುರುವಾಗುತ್ತೆ. ಬರೀ 1, 3, 5 ಮಾತ್ರ ಇದ್ದರೆ ನಡುವಿನ ಸಾಲುಗಳನ್ನು ಏನು ಮಾಡಬೇಕು ಅಂತ ಪಕ್ಕದಲ್ಲಿ ಒಂದು ಮಾತು ಇರುತ್ತೆ, ಬಹಳಷ್ಟು ಸಲ ‘ಪೂರ್ತಿ ಪರ್ಲ್’. ದಪ್ಪ ಗೆರೆಯೊಳಗೆ ಇರುವುದು ರಿಪೀಟ್, ಹೊರಗೆ ಇರುವುದು ಪ್ಲಸ್.

ಕೆಲವು ಚಾರ್ಟ್‌ಗಳಲ್ಲಿ ಬೂದು ಚೌಕ ಇರುತ್ತೆ. ಅಲ್ಲಿ ಸ್ಟಿಚ್ಚೇ ಇಲ್ಲ ಅಂತ ಅರ್ಥ. ನಮೂನೆಯಲ್ಲಿ ಸಾಲಿಂದ ಸಾಲಿಗೆ ಸ್ಟಿಚ್ ಸಂಖ್ಯೆ ಬದಲಾಗುವಾಗ ಚಿತ್ರ ಸೊಟ್ಟ ಆಗದಿರಲಿ ಅಂತ ಜಾಗ ತುಂಬಿಸಿರುತ್ತಾರೆ. ಕಣ್ಣು ಅದನ್ನು ದಾಟಿ ಮುಂದಿನ ಚೌಕಕ್ಕೆ ಹೋಗಬೇಕು, ಕೈಗೆ ಅಲ್ಲಿ ಕೆಲಸ ಇಲ್ಲ.

ಖಾಲಿ ಚೌಕಕ್ಕೆ ಎಲ್ಲ ಪುಸ್ತಕದಲ್ಲೂ ಒಂದೇ ಅರ್ಥ ಇಲ್ಲ. ಹೆಚ್ಚಿನ ಕಡೆ ಅದು ನಿಟ್. ಜಪಾನಿನ ಪುಸ್ತಕಗಳಲ್ಲಿ ನಿಟ್‌ಗೆ ಒಂದು ಲಂಬ ಗೆರೆ, ಪರ್ಲ್‌ಗೆ ಒಂದು ಅಡ್ಡ ಗೆರೆ. ಖಾಲಿ ಚೌಕ ಆ ಚಾರ್ಟ್‌ನಲ್ಲಿ ಯಾವುದು ಅಂತ ಪಕ್ಕದಲ್ಲಿ ತೋರಿಸಿರುತ್ತಾರೆ. ಜಪಾನಿನಲ್ಲಿ ಹೆಣಿಗೆ ಗುರುತುಗಳನ್ನು ಅಲ್ಲಿನ ಕೈಗಾರಿಕಾ ಮಾನದಂಡ ಜೆಐಎಸ್ ಮೂಲಕ ನಿಗದಿ ಮಾಡಿದ್ದಾರೆ. ಹಾಗಾಗಿ ಗುರುತುಗಳನ್ನು ಒಂದು ಸಲ ಕಲಿತರೆ, ಜಪಾನಿ ಭಾಷೆ ಒಂದಕ್ಷರ ಬರದಿದ್ದರೂ ಅಲ್ಲಿನ ನಮೂನೆ ಹೆಣೆಯಬಹುದು.

ಟೋಪಿ, ಕಾಲುಚೀಲದ ತರಹ ಸುತ್ತಲೂ ಹೆಣೆಯುವಾಗ ಬಟ್ಟೆ ತಿರುಗಿಸುವುದೇ ಇಲ್ಲ. ಆಗ ಚಾರ್ಟ್‌ನ ಎಲ್ಲ ಸಾಲನ್ನೂ ಬಲದಿಂದ ಎಡಕ್ಕೇ ಓದಬೇಕು, ಗುರುತು ಹೇಗಿದೆಯೋ ಹಾಗೇ ಹೆಣೆಯಬೇಕು. ಮಾತಿನ ಸೂಚನೆಯಾದರೆ ಹಿಂಬದಿ ಸಾಲುಗಳನ್ನು ಉಲ್ಟಾ ಮಾಡಿಕೊಳ್ಳಬೇಕು: ಕ್ರಮವನ್ನು ಕೊನೆಯಿಂದ ಮೊದಲಿಗೆ ಓದಿ, ನಿಟ್ ಇದ್ದಲ್ಲಿ ಪರ್ಲ್, ಪರ್ಲ್ ಇದ್ದಲ್ಲಿ ನಿಟ್. ಅಲೆಯ ನಾಲ್ಕನೇ ಸಾಲು ಪೂರ್ತಿ ಪರ್ಲ್ ಆಗುತ್ತೆ. ಪ್ಲಸ್ ಇದ್ದರೆ ಅದನ್ನು ಕೈಬಿಡಿ. ಸುತ್ತಿಗೆ ಅಂಚೇ ಇಲ್ಲ, ಸಮ ಮಾಡುವ ಮಾತೂ ಇಲ್ಲ. ಬಿಡದಿದ್ದರೆ, ರಿಬ್‌ನಲ್ಲಿ ಸುತ್ತು ಸೇರುವ ಜಾಗದಲ್ಲಿ ಎರಡು ನಿಟ್ ಬದಲು ನಾಲ್ಕು ಬಂದು ಕಣ್ಣಿಗೆ ಹೊಡೆಯುತ್ತೆ.

ಯಾವುದು ಯಾವುದಕ್ಕೆ

ಫೋಟೋ ನೋಡುವ ಸಮಯ ಈಗ ಬಂತು. ಚೆಂದ ಇದೆಯಾ ಅಂತ ನೋಡಿದರೆ ಸಾಲದು, ಬಟ್ಟೆ ಹೇಗೆ ನಡೆದುಕೊಳ್ಳುತ್ತೆ ಅಂತಲೂ ನೋಡಬೇಕು. ಸ್ಕಾರ್ಫ್‌ಗೆ ಎರಡೂ ಬದಿ ಕಾಣುತ್ತೆ, ಪುಸ್ತಕ ಸಾಮಾನ್ಯವಾಗಿ ಮುಂಬದಿ ಮಾತ್ರ ತೋರಿಸುತ್ತೆ. ರಿಬ್‌ನಂಥ ನಮೂನೆ ಎರಡೂ ಕಡೆ ಚೆನ್ನಾಗಿರುತ್ತೆ, ಜಡೆ ಹಾಗಲ್ಲ. ಸ್ಟಿಚ್ ಜಾರಿಸುವ ನಮೂನೆಗಳು ದಪ್ಪ, ಒತ್ತೊತ್ತು. ಬ್ಯಾಗಿಗೆ ಒಳ್ಳೆಯದು, ಜಾರಿ ಬೀಳಬೇಕಾದ ಶಾಲಿಗೆ ಬೇಡ. ಅಲೆಯ ನಮೂನೆಯಲ್ಲಿ ಸ್ಟಿಚ್ ಹಾಕಿ ಶುರು ಮಾಡಿದ ಅಂಚೂ ಅಲೆಯಾಗುತ್ತೆ. ಹೊದಿಕೆಗೆ ಅದು ಶೋಭೆ, ನೇರ ಅಂಚು ಬೇಕಾದ ಜೇಬಿಗೆ ಆಗುವುದಿಲ್ಲ.

ನೂಲಿನ ವಿಷಯವೂ ಅಷ್ಟೇ. ಪುಸ್ತಕದ ತುಂಡುಗಳು ಹೆಚ್ಚಾಗಿ ತಿಳಿ ಬಣ್ಣದ, ಒಂದೇ ಬಣ್ಣದ, ನುಣುಪಾದ ನೂಲಿನವು. ಅದರಲ್ಲಿ ಪ್ರತಿ ಸ್ಟಿಚ್ ಬಿಡಿಬಿಡಿಯಾಗಿ ಕಾಣುತ್ತೆ. ಅದೇ ನಮೂನೆಯನ್ನು ಐದಾರು ಬಣ್ಣ ಬೆರೆತ ನೂಲಿನಲ್ಲೋ, ಕೂದಲೆದ್ದ ಮೊಹೇರ್‌ನಲ್ಲೋ, ಕಡುಗಪ್ಪಿನಲ್ಲೋ ಹೆಣೆದರೆ ಶ್ರಮವೆಲ್ಲ ಒಳಗೇ ಮುಚ್ಚಿಹೋಗುತ್ತೆ. ಬಣ್ಣ ಮಾತಾಡುವ ನೂಲಿಗೆ ಸರಳ ನಮೂನೆ, ಸಾದಾ ನೂಲಿಗೆ ಕಷ್ಟದ ನಮೂನೆ.

ಎರಡು ನಮೂನೆ ಪಕ್ಕಪಕ್ಕ ಹಾಕುವ ಆಸೆ ಇದ್ದರೆ ಸಾಲುಗಳ ಸಂಖ್ಯೆಯನ್ನೂ ನೋಡಿ. ಒಂದು ಜಡೆ 6 ಸಾಲಿಗೊಮ್ಮೆ, ಇನ್ನೊಂದು 8 ಸಾಲಿಗೊಮ್ಮೆ ಮುಗಿದರೆ, ಎರಡೂ ಒಟ್ಟಿಗೆ ಮುಗಿಯುವುದು 24ನೇ ಸಾಲಿನಲ್ಲಿ. ಶಾಲೆಯಲ್ಲಿ ಕಲಿತ ಲ.ಸಾ.ಅ. ಇಲ್ಲಿ ಕೆಲಸಕ್ಕೆ ಬರುತ್ತೆ.

ಹೆಣೆದ ತುಂಡುಗಳನ್ನು ನಾನು ಬಿಚ್ಚುವುದಿಲ್ಲ. ಒಂದು ಚೀಟಿಯಲ್ಲಿ ಪುಟ ಸಂಖ್ಯೆ, ಕಡ್ಡಿಯ ಸೈಜ್, ನೂಲು, 10 ಸೆಂಟಿಮೀಟರ್‌ಗೆ ಬಂದ ಸ್ಟಿಚ್ ಬರೆದು ತುಂಡಿಗೆ ಪಿನ್ ಮಾಡಿ ಇಡುತ್ತೇನೆ. ಅಲೆಯ ಚೀಟಿಯಲ್ಲಿ ಇನ್ನೂ ಒಂದು ಸಾಲು ಇದೆ: 5, 90, 5. ಆ ಶಾಲಿಗೆ ಹಾಕಿದ್ದ 100 ಸ್ಟಿಚ್‌ನಲ್ಲಿ ಒಂದನ್ನೂ ಕಡ್ಡಿಯಿಂದ ಇಳಿಸಬೇಕಾಗಲಿಲ್ಲ. ಐದು ಅಲೆಗೆ 90 ಹೋಯಿತು, ಉಳಿದ 10ನ್ನು ಎರಡೂ ಅಂಚಿಗೆ ಐದೈದು ಹಂಚಿ ಎಲ್ಲ ಸಾಲಿನಲ್ಲೂ ನಿಟ್ ಮಾಡಿದೆ.